ಮಾತಿನಲ್ಲಿ ಮಲಗುವ ಅಕ್ಷರ ಹಾಡಿನಲ್ಲಿ ಏಳುತ್ತದೆ



ಊರಿನ ಬಸ್ಸು ರಾತ್ರಿ ಎಲ್ಲಿ ತಂಗುತ್ತದೆ? ಡಿಪೋದಲ್ಲಿ. ಮದುವೆ ಮನೆಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಹಾಕಿಸಿಕೊಳ್ಳುವ ಊಟಕ್ಕೆ ಏನೆನ್ನುತ್ತೇವೆ? ಬಫೆ. ಮದುಮಕ್ಕಳ ಕೈಗೆ ಕೊಡುವ ಹೂಗುಚ್ಛಕ್ಕೆ? ಬೊಕೆ. ಈ ಮೂರೂ ಪದಗಳು ಫ್ರೆಂಚಿನಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಬಾಯಿಗೆ ಬಂದವು. ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ. ಮೂರರ ಕೊನೆಯಲ್ಲೂ ‘ಟಿ’ ಅಕ್ಷರ ನಿಂತಿರುತ್ತದೆ. ಆದರೂ ಡಿಪೋಟ್, ಬಫೆಟ್, ಬೊಕೆಟ್ ಎಂದು ನಾವು ಹೇಳುವುದಿಲ್ಲ. ಬರೆದ ಅಕ್ಷರವನ್ನೆಲ್ಲ ಉಚ್ಚರಿಸಬೇಕಾಗಿಲ್ಲ ಎಂಬುದು ಫ್ರೆಂಚ್ ಉಚ್ಚಾರಣೆಯ ಮೊದಲ ಪಾಠ. ಆ ಪಾಠವನ್ನು ನಮ್ಮ ಬಸ್ ಕಂಡಕ್ಟರ್, ನಮ್ಮ ಅಡುಗೆ ಭಟ್ಟರು ಎಲ್ಲರೂ ಆಗಲೇ ಕಲಿತು ಮುಗಿಸಿದ್ದಾರೆ!

ಈ ವಾರ ಉಳಿದ ಪಾಠಗಳನ್ನು ನೋಡೋಣ. ನಮ್ಮಲ್ಲಿ ಎಷ್ಟೋ ಶಾಲೆ ಕಾಲೇಜುಗಳಲ್ಲಿ ಮಕ್ಕಳು ಫ್ರೆಂಚನ್ನು ಒಂದು ಭಾಷೆಯಾಗಿ ಆರಿಸಿಕೊಳ್ಳುತ್ತಾರೆ. ಇನ್ನು ಕೆಲವು ಅಜ್ಜ ಅಜ್ಜಿಯರ ಮೊಮ್ಮಕ್ಕಳು ಫ್ರೆಂಚ್ ಮಾತಾಡುವ ಊರಲ್ಲೇ ಬೆಳೆಯುತ್ತಿದ್ದಾರೆ. ಕೆನಡಾ ದೇಶದ ಕ್ವೆಬೆಕ್ ಪ್ರಾಂತ್ಯವನ್ನೇ ತೆಗೆದುಕೊಳ್ಳಿ. ಅಲ್ಲಿ 1977ರಲ್ಲಿ ಬಂದ ಭಾಷಾ ಕಾನೂನಿನಿಂದಾಗಿ, ಹೊರಗಿನಿಂದ ಬಂದು ನೆಲೆಸಿದವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಸಾಮಾನ್ಯವಾಗಿ ಫ್ರೆಂಚಿನಲ್ಲೇ ಓದಬೇಕು. ಆ ಪ್ರಾಂತ್ಯದ ದೊಡ್ಡ ಊರನ್ನು ನಾವು ಮಾಂಟ್ರಿಯಲ್ ಎನ್ನುತ್ತೇವೆ. ಮೊಮ್ಮಗು ‘ಮೊಂರೆಯಾಲ್’ ಎನ್ನುತ್ತದೆ. ಅಲ್ಲೂ ‘ಟಿ’ ಮಲಗಿಬಿಟ್ಟಿದೆ ನೋಡಿ. ಮೂರು ತಿಂಗಳಿಗೆಂದು ಹೋದ ಅಜ್ಜಿ, ಮೊಮ್ಮಗು ಶಾಲೆಯಿಂದ ಹಾಡುತ್ತಾ ಬಂದ ಹಾಡಿಗೆ ದನಿಗೂಡಿಸಬಲ್ಲರಾದರೆ ಮನೆಯ ಮಾತೇ ಬೇರೆಯಾಗುತ್ತದೆ. ಹಾಗಾಗಿ ಇದು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ.

ಕಲಿಯುವ ಮೊದಲು ಒಂದು ಎಚ್ಚರಿಕೆ. ಇಲ್ಲಿ ಫ್ರೆಂಚ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇವೆ. ಅದು ದಾರಿ ತೋರಿಸುವ ಕೈಮರ ಮಾತ್ರ. ಊರು ಸೇರಬೇಕಾದರೆ ಕಿವಿಯಿಂದ ಕೇಳಲೇಬೇಕು.

ನಮ್ಮ ಬಾಯಲ್ಲಿ ಆಗಲೇ ಇರುವುದು

ನಮ್ಮಲ್ಲಿ ಹೆಚ್ಚಿನವರು ಫ್ರೆಂಚಿಗೆ ಇಂಗ್ಲಿಷಿನ ಬಾಗಿಲಿನಿಂದ ಹೋಗುತ್ತೇವೆ. ಉಚ್ಚಾರಣೆಯ ಮಟ್ಟಿಗೆ ಅದು ಸುತ್ತುದಾರಿ. ಕನ್ನಡದ ಹಿತ್ತಿಲ ಬಾಗಿಲಿನಿಂದ ಹೋದರೆ ಹತ್ತಿರ.

ಇಂಗ್ಲಿಷಿನ ‘ಟಿ’, ‘ಡಿ’ ಅಕ್ಷರಗಳನ್ನು ಕಂಡಾಗ ನಾವು ಟ, ಡ ಎನ್ನುತ್ತೇವೆ. ಫ್ರೆಂಚಿನವರ ನಾಲಿಗೆ ತುದಿ ಹಲ್ಲಿಗೆ ತಾಗುತ್ತದೆ. ಅಂದರೆ ಅವರದು ನಮ್ಮ ತ, ದ. ನಾವು ಟೇಬಲ್ ಎನ್ನುವ ಪದ ಅವರ ಬಾಯಲ್ಲಿ ‘ತಾಬ್ಲ್’. ಎರಡನ್ನು ಅವರು ‘ದ’ ಎನ್ನುತ್ತಾರೆ, ‘ಡ’ ಎನ್ನುವುದಿಲ್ಲ.

ಇನ್ನೊಂದು ಪರೀಕ್ಷೆ ಮಾಡಿ. ತೆಳುವಾದ ಕಾಗದದ ಚೂರೊಂದನ್ನು ತುಟಿಯ ಮುಂದೆ ಹಿಡಿದು, ಟಿವಿಯಲ್ಲಿ ಇಂಗ್ಲಿಷ್ ಸುದ್ದಿ ಓದುವವರ ಹಾಗೆ ‘ಪೇಪರ್’ ಎನ್ನಿ. ಉಸಿರು ನುಗ್ಗಿ ಕಾಗದ ಹಾರುತ್ತದೆ. ಈಗ ಕನ್ನಡದ ‘ಪಾಪು’ ಎನ್ನಿ. ಕಾಗದ ಅಲುಗುವುದೇ ಕಷ್ಟ. ಫ್ರೆಂಚಿನ ಪ, ತ, ಕ ಕೂಡ ನಮ್ಮ ಹಾಗೆ ಅಲ್ಪಪ್ರಾಣಗಳು. ನಾವು ಪ್ಯಾರಿಸ್ ಎನ್ನುವ ಊರು ಅಲ್ಲಿಯವರಿಗೆ ‘ಪಾರಿ’. ಅದನ್ನು ನಮ್ಮ ‘ಪಾಪು’ವಿನ ‘ಪಾ’ದಿಂದಲೇ ಶುರು ಮಾಡಬಹುದು.

ಮಕ್ಕಳೇ, ವರ್ಣಮಾಲೆ ಬರೆಯುವಾಗ ‘ಞ’ ಯಾಕಿದೆ ಎಂದು ನೀವು ಗೊಣಗಿರಬಹುದು. ಕನ್ನಡದಲ್ಲಿ ಅದಕ್ಕೆ ಬಿಡಿಯಾಗಿ ಕೆಲಸ ಬಹಳ ಕಡಿಮೆ. ಫ್ರೆಂಚಿನಲ್ಲಿ ಮಾತ್ರ ಅದಕ್ಕೆ ದಿನವೂ ಕೆಲಸವಿದೆ. ಬೆಟ್ಟಕ್ಕೆ ಅವರು ‘ಮೊಂತಾಞ್’ ಎನ್ನುತ್ತಾರೆ, ಕುರಿಮರಿಗೆ ‘ಅಞೋ’. ನಮ್ಮ ವರ್ಣಮಾಲೆ ಬಲ್ಲವರಿಗೆ ಅದು ಸಲೀಸು.

ಇಂಗ್ಲಿಷಿನಲ್ಲಿ ಪದದ ಒಂದು ಭಾಗವನ್ನು ಒತ್ತಿ, ಉಳಿದದ್ದನ್ನು ನುಂಗಿಬಿಡುತ್ತಾರೆ. ಫ್ರೆಂಚಿನಲ್ಲಿ ಹಾಗಿಲ್ಲ. ಉಚ್ಚರಿಸುವ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ಬರುತ್ತವೆ, ಮಾತಿನ ತುಂಡಿನ ಕೊನೆಯ ಅಕ್ಷರ ಮಾತ್ರ ಸ್ವಲ್ಪ ಉದ್ದವಾಗುತ್ತದೆ. ಕೈಯಲ್ಲಿ ತಾಳ ಹಾಕಿಕೊಂಡು ಮಗ್ಗಿ ಹೇಳಿದವರಿಗೆ ಈ ನಡಿಗೆ ಹೊಸದಲ್ಲ.

ಹೊಸದಾಗಿ ಕಲಿಯಬೇಕಾದ್ದು

ಇಲ್ಲದ ನಾಲ್ಕು ಸದ್ದುಗಳನ್ನು ಕೂಡಿಸಿಕೊಳ್ಳಬೇಕು. ನಾಲ್ಕನ್ನೂ ಮನೆಯಲ್ಲೇ ಆಟವಾಗಿ ಕಲಿಯಬಹುದು.

ಮೊದಲನೆಯದು ಶಿಳ್ಳೆ ತುಟಿಯ ಸ್ವರ. ‘ಈ’ ಎನ್ನುತ್ತಾ ಇರಿ. ನಾಲಿಗೆಯನ್ನು ಅಲ್ಲಾಡಿಸದೆ ತುಟಿಯನ್ನು ಮಾತ್ರ ಶಿಳ್ಳೆ ಹೊಡೆಯುವ ಹಾಗೆ ಮುಂದೆ ಚಾಚಿ. ಬಂದ ಸದ್ದು ‘ಈ’ಯೂ ಅಲ್ಲ, ‘ಊ’ವೂ ಅಲ್ಲ. ಅದೇ ಫ್ರೆಂಚಿನ ‘ಯು’ ಅಕ್ಷರದ ಸದ್ದು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲದ್ದರಿಂದ ಇಲ್ಲಿ ‘ಯೂ’ ಒತ್ತು ಕೊಟ್ಟು ಬರೆಯುತ್ತೇವೆ. ಅದನ್ನು ತಪ್ಪಿದರೆ ಅರ್ಥವೇ ತಲೆಕೆಳಗು. ‘ದಸ್ಯೂ’ ಅಂದರೆ ಮೇಲೆ. ‘ದಸೂ’ ಅಂದರೆ ಕೆಳಗೆ. ಕನ್ನಡಕವನ್ನು ಮೇಜಿನ ಮೇಲಿಟ್ಟಿದ್ದೇನೆ ಎಂದು ಹೇಳಹೊರಟ ಅಜ್ಜನ ತುಟಿ ಸಡಿಲವಾದರೆ, ಮೊಮ್ಮಗು ಮೇಜಿನ ಕೆಳಗೆ ತೂರಿ ಹುಡುಕುತ್ತದೆ!

ಎರಡನೆಯದು ದುಂಬಿಯ ಸದ್ದು. ಹಾವಿನಂತೆ ‘ಸ್‌ಸ್‌ಸ್’ ಎನ್ನಿ. ಗಂಟಲ ಮೇಲೆ ಬೆರಳಿಡಿ. ಅಲ್ಲಿ ಕಂಪನ ಇರುವುದಿಲ್ಲ. ಈಗ ನಾಲಿಗೆಯನ್ನು ಅಲ್ಲೇ ಇಟ್ಟು ಗಂಟಲಿನ ನಾದವನ್ನು ಸೇರಿಸಿ. ದುಂಬಿ ಬಂತು. ಅದನ್ನು ‘ಜ಼’ ಎಂದು ಚುಕ್ಕೆ ಇಟ್ಟು ಬರೆದಿದ್ದೇವೆ. ಕನ್ನಡದ ಬರಿಯ ‘ಜ’ದಲ್ಲಿ ನಾಲಿಗೆ ಒಮ್ಮೆ ಅಂಗಳಕ್ಕೆ ಅಂಟಿ ಬಿಡುತ್ತದೆ. ಇಲ್ಲಿ ಅಂಟಬಾರದು. ಇದನ್ನು ಕಲಿಯಲೇಬೇಕಾದ ಕಾರಣ ಹೇಳುತ್ತೇನೆ. ‘ಪ್ವಾಸೊಂ’ ಅಂದರೆ ಮೀನು. ‘ಪ್ವಾಜ಼ೊಂ’ ಅಂದರೆ ವಿಷ. ಹೋಟೆಲಿನಲ್ಲಿ ಕೂತು ಮೀನು ತರಿಸುವವರು ಜೋಪಾನ! ವಯಸ್ಸಾದಂತೆ ಕಿವಿಗೆ ಇಂಥ ತೀಕ್ಷ್ಣ ಸದ್ದುಗಳ ವ್ಯತ್ಯಾಸ ಕೇಳುವುದು ಕಷ್ಟವಾಗುತ್ತದೆ. ಆದ್ದರಿಂದ ಅಜ್ಜ ಅಜ್ಜಿಯರು ಗಂಟಲ ಮೇಲಿನ ಬೆರಳನ್ನೇ ನಂಬಬಹುದು. ಇದೇ ರೀತಿ ‘ಶ್’ ಎನ್ನುತ್ತಾ ನಾದ ಸೇರಿಸಿದರೆ ಬರುವ ಸದ್ದನ್ನು ‘ಝ’ ಎಂದು ಬರೆದಿದ್ದೇವೆ. ಅದನ್ನು ಮಹಾಪ್ರಾಣವಾಗಿ ಓದಬೇಡಿ.

ಮೂರನೆಯದು ಮೂಗಿನ ಸ್ವರ. ಅಜ್ಜಿ ಕಥೆ ಹೇಳುವಾಗ ಬಾಯಿ ತೆರೆದುಕೊಂಡೇ ‘ಹಾಂ, ಹಾಂ’ ಎನ್ನುತ್ತೀರಲ್ಲ, ಆ ಸದ್ದು. ಕೊಂಕಣಿ ಮಾತಾಡುವ ಮನೆಗಳಲ್ಲಿ ಇದು ನಿತ್ಯದ ಸದ್ದು. ಕನ್ನಡದ ಸೊನ್ನೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ‘ಅಂಬು’ ಎನ್ನುವಾಗ ನಮ್ಮ ತುಟಿ ಮುಚ್ಚುತ್ತದೆ. ‘ಅಂದ’ ಎನ್ನುವಾಗ ನಾಲಿಗೆ ಹಲ್ಲಿಗೆ ತಾಗುತ್ತದೆ. ‘ಅಂಗಿ’ ಎನ್ನುವಾಗ ನಾಲಿಗೆಯ ಬುಡ ಮೇಲೇಳುತ್ತದೆ. ಫ್ರೆಂಚಿನ ಮೂಗುಸ್ವರದಲ್ಲಿ ಯಾವುದೂ ಯಾವುದಕ್ಕೂ ತಾಗುವುದಿಲ್ಲ. ಬಾಯಿ ತೆರೆದೇ ಇರುತ್ತದೆ, ಉಸಿರು ಬಾಯಿ ಮೂಗು ಎರಡರಿಂದಲೂ ಹೊರಡುತ್ತದೆ. ಮೂಗು ಹಿಡಿದು ‘ಆ’ ಎನ್ನಿ, ಸದ್ದು ಬದಲಾಗುವುದಿಲ್ಲ. ಮೂಗು ಹಿಡಿದು ‘ಆಂ’ ಎನ್ನಿ, ನೆಗಡಿ ಬಂದವರ ಸದ್ದಾಗುತ್ತದೆ. ಹಾಗಾದರೆ ನೀವು ಸರಿಯಾಗಿ ಹೇಳುತ್ತಿದ್ದೀರಿ ಎಂದೇ ಅರ್ಥ. ‘ಅಂ ಬೊಂ ಪ್ಯಾಂ ಬ್ಲಾಂ’ ಎಂಬ ನಾಲ್ಕು ಪದಗಳಲ್ಲಿ ನಾಲ್ಕು ಬಗೆಯ ಮೂಗುಸ್ವರಗಳೂ ಸಾಲಾಗಿ ಬರುತ್ತವೆ. ಒಂದು ಒಳ್ಳೆಯ ಬಿಳಿ ಬ್ರೆಡ್ಡು ಎಂದು ಅದರ ಅರ್ಥ. ಪ್ಯಾರಿಸ್ಸಿನ ಹಲವರು ಮೊದಲನೆಯ ಸ್ವರವನ್ನು ಮೂರನೆಯದರ ಹಾಗೆಯೇ ಹೇಳುತ್ತಾರೆ. ಹಾಗಾಗಿ ಮೂರನ್ನು ಕಲಿತರೂ ಮಾತು ನಡೆಯುತ್ತದೆ.

ನಾಲ್ಕನೆಯದು ಎಲ್ಲರೂ ಹೆದರುವ ‘ರ’. ಇಂದಿನ ಫ್ರೆಂಚಿನ ‘ರ’ ನಾಲಿಗೆಯ ತುದಿಯಲ್ಲಿ ಹುಟ್ಟುವುದಿಲ್ಲ, ಗಂಟಲ ಬಾಗಿಲಲ್ಲಿ ಹುಟ್ಟುತ್ತದೆ. ಉಪ್ಪುನೀರು ಬಾಯಿಗೆ ಹಾಕಿ ಗಂಟಲು ಗಳಗಳ ಮಾಡುತ್ತೀರಲ್ಲ, ಅದೇ ಜಾಗ. ಗಜ಼ಲ್ ಎಂಬ ಪದದ ಮೊದಲ ಸದ್ದನ್ನು ಉರ್ದು ಬಲ್ಲವರ ಬಾಯಲ್ಲಿ ಕೇಳಿ. ಫ್ರೆಂಚಿನ ‘ರ’ಕ್ಕೆ ಅದು ತೀರ ಹತ್ತಿರದ ನೆಂಟ. ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಸುಮ್ಮನೆ ಮಲಗಿಸಿ, ಗಂಟಲನ್ನು ಕೆರೆಯದೆ, ಮೆಲ್ಲಗೆ ಉಸಿರು ಬಿಡಿ. ಗಂಟಲು ನೋಯಿತೆಂದರೆ ಜೋರು ಹೆಚ್ಚಾಯಿತು ಎಂದರ್ಥ.

ಅದು ಬರದಿದ್ದರೆ? ಬರದಿದ್ದರೂ ಚಿಂತೆಯಿಲ್ಲ. 1670ರಲ್ಲಿ ಫ್ರಾನ್ಸ್ ದೇಶದ ದೊಡ್ಡ ನಾಟಕಕಾರ ಮೋಲಿಯೇರ್ ‘ಲ ಬೂರ್ಝ್ವಾ ಝಾಂತಿಯೋಮ್’ ಎಂಬ ಹಾಸ್ಯ ನಾಟಕ ಬರೆದ. ಅದಕ್ಕೆ ಸಂಗೀತ ಕೊಟ್ಟವನು ಲ್ಯೂಲಿ. ದೊರೆ ಹದಿನಾಲ್ಕನೇ ಲೂಯಿಯ ಮುಂದೆ ಅದರ ಮೊದಲ ಪ್ರದರ್ಶನ ನಡೆಯಿತು. ಅದರ ನಾಯಕ ಝೂರ್ದ್ಯಾಂ ಮಹಾಶಯ ದುಡ್ಡಿರುವ ಮನುಷ್ಯ. ಮಗಳು ಮದುವೆಯ ವಯಸ್ಸಿಗೆ ಬಂದ ಮೇಲೆ ಅವನಿಗೆ ದೊಡ್ಡವರ ಸಾಲಿಗೆ ಸೇರುವ ಆಸೆ ಹುಟ್ಟಿ, ಸಂಗೀತ, ನೃತ್ಯ, ಕತ್ತಿವರಸೆಗಳ ಜೊತೆಗೆ ಉಚ್ಚಾರಣೆಯ ಪಾಠವನ್ನೂ ಹೇಳಿಸಿಕೊಳ್ಳುತ್ತಾನೆ. ನಮ್ಮ ಶಿಳ್ಳೆ ತುಟಿಯ ಸ್ವರಕ್ಕೆ ಅವನ ಗುರು ಹೇಳಿಕೊಡುವುದು ತುಟಿ ಚಾಚಿ ಮುಖ ಸೊಟ್ಟ ಮಾಡುವ ಉಪಾಯವನ್ನೇ. ತಾನು ಹುಟ್ಟಿದಂದಿನಿಂದ ಆಡುತ್ತಿದ್ದ ಸದ್ದುಗಳ ಒಳಗುಟ್ಟು ತಿಳಿದು ಝೂರ್ದ್ಯಾಂ ಮಗುವಿನಂತೆ ಕುಣಿಯುತ್ತಾನೆ. ಜನ ಅವನನ್ನು ನೋಡಿ ನಗುತ್ತಾರೆ. ಆದರೆ ಆ ವಯಸ್ಸಿನಲ್ಲೂ ಕಲಿಕೆಯಿಂದ ಅಷ್ಟು ಖುಷಿಪಡುವವನ ಬಗ್ಗೆ ನಮಗೆ ಪ್ರೀತಿ ಹುಟ್ಟದೆ ಇರುವುದಿಲ್ಲ.

ಅದೇ ಪಾಠದಲ್ಲಿ ‘ರ’ದ ಬಗ್ಗೆಯೂ ವಿವರಣೆ ಬರುತ್ತದೆ. ನಾಲಿಗೆಯ ತುದಿಯನ್ನು ಅಂಗಳದ ಮೇಲ್ಭಾಗಕ್ಕೆ ಎತ್ತಿ, ರಭಸದ ಉಸಿರಿನಿಂದ ಅದನ್ನು ನಡುಗಿಸಬೇಕೆಂದು ಗುರು ಹೇಳುತ್ತಾನೆ. ಅದು ನಮ್ಮ ‘ರ’ವೇ ಅಲ್ಲವೇ! ಮೋಲಿಯೇರನ ಕಾಲದ ಫ್ರೆಂಚರು ‘ರ’ವನ್ನು ನಮ್ಮ ಹಾಗೆ ನಾಲಿಗೆಯ ತುದಿಯಿಂದ ಹೇಳುತ್ತಿದ್ದರು. ಗಂಟಲಿನ ‘ರ’ ಆಮೇಲಿನ ಕಾಲದಲ್ಲಿ ಹರಡಿತು. ಮಾಂಟ್ರಿಯಲ್ಲಿನ ಹಳಬರಲ್ಲಿ ಕಳೆದ ಶತಮಾನದ ನಡುಭಾಗದವರೆಗೂ ನಾಲಿಗೆ ತುದಿಯ ‘ರ’ ಕೇಳಿಬರುತ್ತಿತ್ತು. ಶಾಸ್ತ್ರೀಯ ಗಾಯನ ಕಲಿಸುವವರು ಇಂದಿಗೂ ಹಾಡುವಾಗ ನಾಲಿಗೆ ತುದಿಯ ‘ರ’ವನ್ನೇ ಹೇಳಿಕೊಡುವುದುಂಟು. ಎಡಿತ್ ಪಿಯಾಫ್ ಎಂಬ ಪ್ರಸಿದ್ಧ ಗಾಯಕಿ (1915–1963) ಮಾತ್ರ ಗಂಟಲಿನ ‘ರ’ವನ್ನೇ ಉರುಳಿಸಿ ಹಾಡಿ ಲೋಕಪ್ರಸಿದ್ಧಳಾದಳು. ಮೊಮ್ಮಕ್ಕಳೇ, ಅಜ್ಜನ ‘ರ’ ಕೇಳಿ ನಗು ಬಂದರೆ ಮೋಲಿಯೇರನನ್ನು ನೆನೆಸಿಕೊಳ್ಳಿ. ಅಜ್ಜ ತಪ್ಪು ಮಾಡುತ್ತಿಲ್ಲ, 350 ವರ್ಷ ಹಿಂದಿನ ಫ್ರೆಂಚನ್ನು ಆಡುತ್ತಿದ್ದಾರೆ ಅಷ್ಟೇ.

ಹೋಗಿ ಬರುತ್ತೇನೆ, ಹೋಗ್ಬರ್ತೀನಿ

ಈಗ ಮುಖ್ಯ ವಿಷಯಕ್ಕೆ ಬರೋಣ. ನಾವು ‘ಹುಡುಗ’ ಎಂದು ಬರೆದು ‘ಹುಡ್ಗ’ ಎನ್ನುತ್ತೇವೆ. ‘ಕೆಲಸ’ ಎಂದು ಬರೆದು ‘ಕೆಲ್ಸ’ ಎನ್ನುತ್ತೇವೆ. ‘ಹೋಗಿ ಬರುತ್ತೇನೆ’ ಎಂಬ ಆರು ಅಕ್ಷರದ ಮಾತು ಬಾಗಿಲು ದಾಟುವುದರೊಳಗೆ ‘ಹೋಗ್ಬರ್ತೀನಿ’ ಎಂದು ನಾಲ್ಕಕ್ಕೆ ಇಳಿಯುತ್ತದೆ. ನಡುವಿನ ಸ್ವರಗಳು ಮಾತಿನಲ್ಲಿ ಮಲಗಿಬಿಡುತ್ತವೆ. ಆದರೆ ಅದೇ ‘ಹುಡುಗ’ ಭಾವಗೀತೆಯಲ್ಲಿ ಬಂದರೆ? ಒಂದೊಂದು ಅಕ್ಷರಕ್ಕೂ ಸ್ವರ ಸಿಗುತ್ತದೆ. ಮೂರೂ ಅಕ್ಷರಗಳು ಎದ್ದು ಕೂರುತ್ತವೆ.

ಫ್ರೆಂಚಿನಲ್ಲೂ ಹೀಗೆ ಮಲಗಿ ಏಳುವ ಒಂದು ಅಕ್ಷರವಿದೆ. ಅದು ಅವರ ‘ಇ’ ಅಕ್ಷರ. ಎಷ್ಟೋ ಪದಗಳ ಕೊನೆಯಲ್ಲಿ ಅದು ಕೂತಿರುತ್ತದೆ. ಬಹಳ ಹಿಂದೆ ಅದನ್ನು ಉಚ್ಚರಿಸುತ್ತಿದ್ದರು. ಕಾಲಕ್ರಮದಲ್ಲಿ ಮಾತಿನಿಂದ ಅದು ಜಾರಿತು, ಬರವಣಿಗೆಯಲ್ಲಿ ಉಳಿಯಿತು. ಛಂದಸ್ಸಿನಲ್ಲೂ ಉಳಿಯಿತು. ಹಳೆಯ ಕವಿಗಳು ಸಾಲಿಗೆ ಇಷ್ಟು ಎಂದು ಅಕ್ಷರ ಎಣಿಸುವಾಗ, ಮುಂದಿನ ಪದ ವ್ಯಂಜನದಿಂದ ಶುರುವಾದರೆ ಈ ‘ಇ’ಯನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ರಾಗ ಹಾಕುವವರು ಆ ಲೆಕ್ಕವನ್ನೇ ಅನುಸರಿಸಿದರು.

ನೀವೆಲ್ಲ ಕೇಳಿರಬಹುದಾದ ಮಕ್ಕಳ ಹಾಡೊಂದಿದೆ, ‘ಫ್ರೆರ್ ಝಾಕ್’. ಒಂದು ಗುಂಪು ಶುರು ಮಾಡಿದ ಮೇಲೆ ಇನ್ನೊಂದು ಗುಂಪು ಹಿಂದಿನಿಂದ ಸೇರಿಕೊಂಡು ಸುತ್ತುಹಾಡಾಗಿ ಹಾಡುವಂಥದ್ದು. ಝಾಕ್ ಎಂಬ ಸನ್ಯಾಸಿ ಸಹೋದರನ ಹೆಸರೇ ಆ ಹಾಡಿನ ಹೆಸರು. ಅವನನ್ನು ಬೀದಿಯಲ್ಲಿ ಕರೆಯುವವರು ‘ಫ್ರೆರ್ ಝಾಕ್’ ಎಂದು ಎರಡೇ ಏಟಿನಲ್ಲಿ ಮುಗಿಸುತ್ತಾರೆ. ಹಾಡುವಾಗ ಅದೇ ಹೆಸರು ‘ಫ್ರೆ–ರ–ಝಾ–ಕ’ ಎಂದು ನಾಲ್ಕು ಸ್ವರಕ್ಕೆ ನಾಲ್ಕು ಅಕ್ಷರವಾಗುತ್ತದೆ. ಮಲಗಿದ್ದ ಎರಡು ‘ಇ’ಗಳು ಎದ್ದು ಬಂದವು. ಅವನ್ನು ಪೂರ್ತಿ ‘ಅ’ ಎನ್ನಬೇಡಿ, ‘ಎ’ ಎನ್ನಲೂ ಬೇಡಿ. ‘ಅ’ ಎನ್ನುತ್ತಾ ತುಟಿಯನ್ನು ಸ್ವಲ್ಪ ಗುಂಡಗೆ ಮಾಡಿದರೆ ಸಾಕು, ಮೆದುವಾಗಿ ಬರಬೇಕು.

ಇಲ್ಲಿ ಕನ್ನಡದ ಬಾಯಿಯ ಒಂದು ಅಭ್ಯಾಸ ಒಂದು ಕಡೆ ತೊಡಕು, ಇನ್ನೊಂದು ಕಡೆ ವರ. ವ್ಯಂಜನದಲ್ಲಿ ಪದ ಮುಗಿಸುವುದು ನಮಗೆ ಒಗ್ಗುವುದಿಲ್ಲ. ಬಸ್ ಬಂದರೆ ‘ಬಸ್ಸು’ ಮಾಡುತ್ತೇವೆ, ಕಾರ್ ಬಂದರೆ ‘ಕಾರು’ ಮಾಡುತ್ತೇವೆ. ಅದೇ ಅಭ್ಯಾಸದಿಂದ ಮಾತಿನಲ್ಲಿ ‘ಝಾಕು’ ಎಂದರೆ ಕಿವಿಗೆ ಚುಚ್ಚುತ್ತದೆ. ಅಲ್ಲಿ ‘ಕ್’ ಎಂದು ಕಡ್ಡಿ ಮುರಿದಂತೆ ನಿಲ್ಲಿಸಬೇಕು. ಹಾಡಿನಲ್ಲಿ ಮಾತ್ರ ನಮ್ಮ ಬಾಯಿಗೆ ಹಬ್ಬ. ಪ್ರತಿ ವ್ಯಂಜನಕ್ಕೂ ಒಂದು ಸ್ವರ ಕೊಟ್ಟು ಎಳೆಯುವುದು ನಮಗೆ ಹುಟ್ಟುಗುಣ.

ಆದ್ದರಿಂದ ಹಾಡು ಒಳ್ಳೆಯ ಗುರು. ಅದು ನಿಧಾನವಾಗಿ ನಡೆಯುತ್ತದೆ, ಅಕ್ಷರಗಳನ್ನು ಬಿಡಿಸಿ ತೋರಿಸುತ್ತದೆ, ನೂರು ಸಲ ಹೇಳಿದರೂ ಬೇಸರವಾಗುವುದಿಲ್ಲ. ಆದರೆ ಹಾಡಿನಲ್ಲಿ ಕಲಿತದ್ದನ್ನು ಹಾಗೆಯೇ ಅಂಗಡಿಗೆ ಒಯ್ಯಬಾರದು. ತರಕಾರಿ ಅಂಗಡಿಯಲ್ಲಿ ನಿಂತು ‘ಒಂದು ಕಿಲೋ ಬದನೆಕಾಯಿಯನ್ನು ದಯಪಾಲಿಸುವಿರಾ’ ಎಂದರೆ ಹೇಗಿರುತ್ತದೆಯೋ, ಹಾಡಿನ ‘ಇ’ಯನ್ನೆಲ್ಲ ಮಾತಿನಲ್ಲಿ ಎಳೆದರೆ ಪ್ಯಾರಿಸ್ಸಿನಲ್ಲಿ ಹಾಗಿರುತ್ತದೆ. ಒಂದೇ ಪದವನ್ನು ಎರಡು ರೂಪದಲ್ಲಿ ಕಲಿಯಿರಿ, ಒಂದು ಮಾತಿಗೆ, ಒಂದು ಹಾಡಿಗೆ. ಮಾರ್ಸೇಯ್, ತುಲೂಜ಼್‌ನಂಥ ದಕ್ಷಿಣದ ಊರುಗಳಲ್ಲಿ ಮಾತಿನಲ್ಲೂ ಈ ‘ಇ’ ಕೇಳಿಸುವುದುಂಟು. ಧಾರವಾಡದ ಕನ್ನಡ, ಮೈಸೂರಿನ ಕನ್ನಡ ಇದ್ದ ಹಾಗೆ ಅದು. ಈಗಿನ ಕಾಲದ ಸಿನಿಮಾ ಹಾಡುಗಳಲ್ಲಿ ಇದಕ್ಕೆ ಉಲ್ಟಾ, ಮಾತಿನ ಹಾಗೆ ‘ಇ’ಯನ್ನು ನುಂಗಿಯೇ ಹಾಡುವುದೂ ಇದೆ.

ಇನ್ನೊಂದು ಮಕ್ಕಳ ಹಾಡಿನ ಹೆಸರು ‘ಓ ಕ್ಲೇರ್ ದ ಲಾ ಲ್ಯೂನ್’, ಅಂದರೆ ಬೆಳದಿಂಗಳಲ್ಲಿ. ‘ಲ್ಯೂನ್’ ಅಂದರೆ ಚಂದ್ರ. ಮಾತಿನಲ್ಲಿ ಒಂದೇ ಏಟು, ಹಾಡಿನಲ್ಲಿ ‘ಲ್ಯೂ–ನ’ ಎಂದು ಎರಡು. ಶಿಳ್ಳೆ ತುಟಿಯ ಸ್ವರವೂ ಅದರಲ್ಲಿದೆ. ಈ ಹಾಡಿಗೆ ಒಂದು ದೊಡ್ಡ ಗೌರವ ಸಂದಿದೆ. 1860ರ ಏಪ್ರಿಲ್ 9ರಂದು ಎಡುವಾರ್ ಲೆಯೊಂ ಸ್ಕಾಟ್ ದ ಮಾರ್ತ್ಯಾಂವಿಲ್ ಎಂಬ ಫ್ರೆಂಚ್ ಸಂಶೋಧಕ ಮಸಿ ಹಿಡಿಸಿದ ಕಾಗದದ ಮೇಲೆ ದನಿಯ ಗೆರೆಗಳನ್ನು ಮೂಡಿಸಿದ. ಎಡಿಸನ್ನನ ಫೋನೋಗ್ರಾಫಿಗಿಂತ 17 ವರ್ಷ ಮೊದಲಿನ ಕತೆಯಿದು. ದನಿಯನ್ನು ಕಣ್ಣಿಗೆ ಕಾಣಿಸುವುದಷ್ಟೇ ಅವನ ಉದ್ದೇಶ, ಮತ್ತೆ ಕೇಳಿಸುವ ಉಪಾಯ ಆಗ ಇರಲಿಲ್ಲ. 2008ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಪ್ಯೂಟರಿನ ನೆರವಿನಿಂದ ಆ ಗೆರೆಗಳಿಗೆ ದನಿ ಕೊಟ್ಟರು. ಆಗ ಕೇಳಿಬಂದದ್ದು ಇದೇ ಹಾಡಿನ ಒಂದು ತುಣುಕು. ಮೊದಲು ಕೇಳಿದವರು ಅದನ್ನು ಹೆಣ್ಣುಮಗಳ ದನಿ ಎಂದುಕೊಂಡರು. ವೇಗವನ್ನು ಸರಿಪಡಿಸಿ ಅರ್ಧಕ್ಕೆ ಇಳಿಸಿದಾಗ ಅದು ನಿಧಾನವಾಗಿ ಹಾಡುತ್ತಿರುವ ಗಂಡಸಿನ ದನಿ ಎಂದು ತಿಳಿಯಿತು. ಬಹುಶಃ ಸ್ಕಾಟನೇ ಹಾಡಿರಬೇಕು. ಹಾಡು ಎಂದು ಗುರುತಿಸಬಹುದಾದ ಮನುಷ್ಯ ದನಿಯ ದಾಖಲೆಗಳಲ್ಲಿ ಅದು ಅತ್ಯಂತ ಹಳೆಯವುಗಳಲ್ಲಿ ಒಂದು.

ಸಂಧಿ ಬಲ್ಲವರಿಗೆ ಹೆದರಿಕೆಯಿಲ್ಲ

ಫ್ರೆಂಚ್ ಕಲಿಯುವವರು ಗೊಂದಲಕ್ಕೆ ಬೀಳುವ ಇನ್ನೊಂದು ಜಾಗ, ಎರಡು ಪದ ಸೇರುವ ಜಾಗ. ಇಲ್ಲಿ ಅಜ್ಜ ಅಜ್ಜಿಯರೇ ಮೇಷ್ಟ್ರು. ಅವರು ಬಾಯಿಪಾಠ ಮಾಡಿದ ಲೋಪ, ಆಗಮ, ಆದೇಶ ಮೂರೂ ಇಲ್ಲಿ ಕೆಲಸಕ್ಕೆ ಬರುತ್ತವೆ.

‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಉಕಾರ ಲೋಪವಾಗುತ್ತದೆ. ಫ್ರೆಂಚಿನಲ್ಲಿ ‘ಲ’ ಮತ್ತು ‘ಅಮಿ’ ಸೇರಿ ‘ಲಮಿ’ ಆಗುತ್ತದೆ. ‘ಅಮಿ’ ಅಂದರೆ ಗೆಳೆಯ. ‘ಲ’ದಲ್ಲಿದ್ದ ‘ಇ’ ಲೋಪವಾಯಿತು. ಹಾಡಿನಲ್ಲೂ ಅಷ್ಟೇ. ಮುಂದಿನ ಪದ ಸ್ವರದಿಂದ ಶುರುವಾದರೆ ಮಲಗಿದ ‘ಇ’ ಏಳುವುದಿಲ್ಲ.

‘ಮನೆ’ ಮತ್ತು ‘ಅನ್ನು’ ಸೇರುವಾಗ ನಡುವೆ ‘ಯ’ ಬಂದು ‘ಮನೆಯನ್ನು’ ಆಗುತ್ತದೆ. ಅವನ ಬಳಿ ಇದೆಯೇ ಎಂದು ಕೇಳಲು ಫ್ರೆಂಚರು ‘ಆ’ ಮತ್ತು ‘ಈಲ್’ ಸೇರಿಸುವಾಗ ನಡುವೆ ‘ತ್’ ತಂದು ‘ಆತೀಲ್’ ಎನ್ನುತ್ತಾರೆ. ಆಗಮವಾಯಿತು. ಒಂದಕ್ಕಿಂತ ಹೆಚ್ಚು ಗೆಳೆಯರಿದ್ದರೆ ‘ಲೇ’ ಮತ್ತು ‘ಅಮಿ’ ಸೇರಿ ‘ಲೇಜ಼ಮಿ’ ಆಗುತ್ತದೆ. ಇದು ನಿಜವಾಗಿ ಆಗಮವಲ್ಲ. ‘ಲೇ’ಯ ಕೊನೆಯಲ್ಲಿ ಬರವಣಿಗೆಯಲ್ಲಿ ಒಂದು ‘ಎಸ್’ ಮಲಗಿದೆ. ಮುಂದೆ ಸ್ವರ ಬಂದೊಡನೆ ಅದು ದುಂಬಿಯಾಗಿ ಎದ್ದಿತು. ಗೆಳೆಯರು ಹಲವರು ಎಂಬುದನ್ನು ಕಿವಿಗೆ ಇನ್ನಷ್ಟು ಗಟ್ಟಿ ಮಾಡುವುದು ಆ ದುಂಬಿ. ಹಾಡಿನಲ್ಲಿ ಇಂಥ ಜೋಡಣೆಗಳು ಮಾತಿಗಿಂತ ಹೆಚ್ಚು.

‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ ಆದಾಗ ‘ಕ’ ಹೋಗಿ ‘ಗ’ ಬರುತ್ತದೆ. ಫ್ರೆಂಚಿನಲ್ಲಿ ಒಂಬತ್ತಕ್ಕೆ ‘ನಫ್’, ಗಂಟೆಗೆ ‘ಅರ್’. 9 ಗಂಟೆ ಎನ್ನಲು ‘ನವರ್’ ಎನ್ನುತ್ತಾರೆ. ‘ಫ್’ ಹೋಗಿ ‘ವ್’ ಬಂತು, ಆದೇಶವಾಯಿತು. ನವರಾತ್ರಿಯ ‘ನವ’ವೂ ಫ್ರೆಂಚಿನ ‘ನಫ್’ ಕೂಡ ಒಂದೇ ಬೇರಿನ ಚಿಗುರುಗಳು ಎಂದು ಭಾಷಾಶಾಸ್ತ್ರ ಹೇಳುತ್ತದೆ. ಗಂಟೆಯ ಜೊತೆ ಸೇರಿದಾಗ ಆ ನೆಂಟಸ್ತಿಕೆ ಕಿವಿಗೇ ಕೇಳಿಸುತ್ತದೆ.

ಮೊದಲು ‘ಬೊಂಝೂರ್’, ಆಮೇಲೆ ಉಳಿದದ್ದು

ದಿನನಿತ್ಯದ ಮಾತಿಗೆ ನಾಲ್ಕೈದು ಪದ ಸಾಕು. ಫ್ರಾನ್ಸಿನಲ್ಲಿ ಅಂಗಡಿಗೆ ಹೋದವರು ಏನು ಬೇಕೆಂದು ಕೇಳುವ ಮೊದಲು ‘ಬೊಂಝೂರ್’ ಎನ್ನಬೇಕು. ಬಸ್ಸು ಹತ್ತಿದರೆ ಚಾಲಕರಿಗೂ ಹೇಳುವುದುಂಟು. ಅದನ್ನು ಬಿಟ್ಟು ನೇರವಾಗಿ ಸಾಮಾನು ಕೇಳಿದರೆ ಒರಟುತನವಾಗುತ್ತದೆ, ವ್ಯಾಕರಣ ಎಷ್ಟೇ ಚೆನ್ನಾಗಿದ್ದರೂ. ನಮ್ಮ ‘ನೀನು’, ‘ನೀವು’ ಇದ್ದಂತೆ ಅವರಲ್ಲಿ ‘ತ್ಯೂ’, ‘ವೂ’ ಇವೆ. ದೊಡ್ಡವರಿಗೆ, ಅಪರಿಚಿತರಿಗೆ ದಯವಿಟ್ಟು ಎನ್ನಲು ‘ಸೀಲ್ ವೂ ಪ್ಲೇ’. ಗೆಳೆಯನಿಗೆ, ಮನೆಯವರಿಗೆ ‘ಸೀಲ್ ತ ಪ್ಲೇ’. ಥ್ಯಾಂಕ್ಸ್ ಎನ್ನಲು ‘ಮೆರ್ಸಿ’. ಕ್ಷಮಿಸಿ ಎನ್ನಲು ‘ಪಾರ್ದೊಂ’. ಗೊತ್ತಿಲ್ಲ ಎನ್ನಲು ಪುಸ್ತಕದಲ್ಲಿ ‘ಝ ನ ಸೇ ಪಾ’ ಎಂದಿರುತ್ತದೆ. ಗೆಳೆಯರ ನಡುವೆ ಅದು ‘ಶೇಪಾ’ ಆಗಿ ಬೀಳುತ್ತದೆ. ಅವರ ‘ಹೋಗ್ಬರ್ತೀನಿ’ ಅದು. ಮೊದಲು ಪೂರ್ತಿ ರೂಪವನ್ನೇ ಹೇಳಿ, ಚಿಕ್ಕ ರೂಪವನ್ನು ಕಿವಿಯಲ್ಲಿ ಗುರುತಿಸಿದರೆ ಸಾಕು.

ಈ ವಾರದ ಮನೆಗೆಲಸ ದಿನಕ್ಕೆ ಹತ್ತೇ ನಿಮಿಷ. ಮೊದಲು ಮೂಗು ಹಿಡಿದು ಬಿಳಿ ಬ್ರೆಡ್ಡಿನ ನಾಲ್ಕು ಪದ ಹೇಳಿ. ಆಮೇಲೆ ಚಮಚದ ಆಟ. ಒಬ್ಬರು ಕಣ್ಣು ಮುಚ್ಚಿಕೊಳ್ಳಿ, ಇನ್ನೊಬ್ಬರು ಚಮಚವನ್ನು ಮಣೆಯ ಮೇಲೋ ಕೆಳಗೋ ಇಟ್ಟು ‘ದಸ್ಯೂ’ ಅಥವಾ ‘ದಸೂ’ ಎನ್ನಿ. ಕೈ ಸರಿಯಾದ ಜಾಗಕ್ಕೆ ಹೋದರೆ ಹೇಳಿದವರಿಗೂ ಕೇಳಿದವರಿಗೂ ಒಂದೊಂದು ಅಂಕ. ಕೊನೆಗೆ ಒಂದು ಹಾಡು. ಮೊದಲು ಸುಮ್ಮನೆ ಮೂರು ಸಲ ಕೇಳಿ. ನಾಲ್ಕನೆಯ ಸಲ ರಾಗವಿಲ್ಲದೆ ಮಾತಿನ ಹಾಗೆ ಹೇಳಿ. ಐದನೆಯ ಸಲ ಹಾಡಿ. ಮಾತಿನಲ್ಲಿ ಇಲ್ಲದ ಯಾವ ಅಕ್ಷರಗಳು ಹಾಡಿನಲ್ಲಿ ಎದ್ದು ಬಂದವು ಎಂದು ಬೆರಳು ಮಡಿಸಿ ಎಣಿಸಿ. ತರಗತಿಗೇ ಹೋಗಿ ಕಲಿಯುವವರಿಗೆ ಬೆಂಗಳೂರಿನ ವಸಂತನಗರದಲ್ಲಿ ಆಲಿಯಾಂಸ್ ಫ್ರಾಂಸೇಜ಼್ ಸಂಸ್ಥೆ ಇದೆ.

ಈ ಕಲಿಕೆಯಲ್ಲಿ ಇಬ್ಬರಿಗೂ ಪಾಲಿದೆ. ಮಕ್ಕಳ ಕಿವಿ ಚುರುಕು, ‘ಸ’, ‘ಜ಼’ ವ್ಯತ್ಯಾಸವನ್ನು ಅವರು ತಟ್ಟನೆ ಹಿಡಿಯುತ್ತಾರೆ. ಅಜ್ಜ ಅಜ್ಜಿಯರ ಬಳಿ ಸಂಧಿಯ ಸೂತ್ರವಿದೆ, ಅಕ್ಷರ ಬಿಡಿಸಿ ಹಾಡುವ ಸಮಾಧಾನವಿದೆ. ಒಬ್ಬರ ಬಳಿ ಇರುವುದು ಇನ್ನೊಬ್ಬರಿಗೆ ಬೇಕು. ದೂರದ ಊರಲ್ಲಿ ಬೆಳೆಯುವ ಮೊಮ್ಮಗುವಿಗೆ ಅಜ್ಜಿಯ ಬಾಯಲ್ಲಿ ತನ್ನ ಶಾಲೆಯ ಹಾಡು ಕೇಳಿದರೆ, ಅಜ್ಜಿಯ ಕನ್ನಡದ ಹಾಡನ್ನು ಕಲಿಯುವ ಮನಸ್ಸೂ ಹುಟ್ಟುತ್ತದೆ. ಆಗ ಕನ್ನಡದ ‘ಹುಡುಗ’ನ ಮೂರು ಅಕ್ಷರಗಳೂ ಆ ಮಗುವಿನ ಬಾಯಲ್ಲಿ ಎದ್ದು ಕೂರುತ್ತವೆ.

ಫ್ರೆಂಚರು ಬೀಳ್ಕೊಡುವಾಗ ‘ಓ ರವ್ವಾರ್’ ಎನ್ನುತ್ತಾರೆ, ಮತ್ತೆ ನೋಡುವವರೆಗೆ ಎಂದು. ನಾವು ಕೂಡ ಹೋಗುತ್ತೇನೆ ಎಂದಷ್ಟೇ ಹೇಳುವವರಲ್ಲ, ಬರುತ್ತೇನೆ ಎಂದೂ ಸೇರಿಸುವವರು. ಮುಂದಿನ ವಾರ ಸಿಗೋಣ. ಓ ರವ್ವಾರ್, ಹೋಗಿ ಬರುತ್ತೇವೆ!